ಕರಡು ತಿದ್ದುವವನ ಆಯುಧಪೂಜೆ

ಏಳನೇ ತರಗತಿ, ಪುಟ ನಲವತ್ತೊಂದು:
‘ಅಜ್‌ಟೆಕರು ಕ್ರೂರಿಗಳು. ಮನುಷ್ಯರ ಎದೆ ಬಗೆದು
ಸೂರ್ಯನಿಗೆ ಗುಂಡಗೆ ಕೊಡುತ್ತಿದ್ದರು.’
ಕೆಂಪು ಪೆನ್ನು ತೆಗೆದು ಗುಡಿಸು ಹಚ್ಚಿದೆ.
ಗುಂಡಿಗೆ.

ಚಾಮರಾಜಪೇಟೆ. ಕೆಳಗೆ ಪ್ರೆಸ್ಸು ಇವತ್ತು ಬಾಯಿ ಮುಚ್ಚಿದೆ.
ಮಿಷನ್ನುಗಳಿಗೆ ಸ್ನಾನವಾಗಿ
ವಿಭೂತಿ, ಕುಂಕುಮ, ಚೆಂಡುಹೂವು.
ಚೆಂಡುಹೂವು ಅವರದ್ದೇ, ಹಡಗು ಹತ್ತಿ ಬಂದದ್ದು.
ಅಲ್ಲಿ ಅದಕ್ಕೆ ‘ಇಪ್ಪತ್ತರ ಹೂವು’ ಅಂತ ಹೆಸರು;
ಸತ್ತವರು ಮನೆದಾರಿ ತಪ್ಪದಿರಲೆಂದು
ಎಸಳು ಉದುರಿಸುತ್ತಾರಂತೆ ಬಾಗಿಲವರೆಗೆ.
ಇಲ್ಲಿ ಮಾರ್ಕೆಟ್ಟಿನಲ್ಲಿ ಮಾರಿಗೆ ನೂರಿಪ್ಪತ್ತು.
ಹಬ್ಬದ ರೇಟು.

ಕತ್ತರಿ ಮಿಷನ್ನಿಗೆ ಮಾಲೆ ಹಾಕುತ್ತಿದ್ದಾನೆ ಆರೋಗ್ಯಸ್ವಾಮಿ,
ಎಂಟು ಬೆರಳಿನಲ್ಲಿ.
ಉಳಿದೆರಡು ತೊಂಬತ್ತೆಂಟರ ಜೂನಿನಲ್ಲಿ,
ಪಠ್ಯಪುಸ್ತಕದ ಅವಸರಕ್ಕೆ,
ಒಂದು ರೀಮಿನ ಜೊತೆ ಹೋದವು.
ಭಾನುವಾರ ಚರ್ಚಿಗೆ ಹೋಗುವವನು. ಆದರೂ
ಈ ಪೂಜೆ ಯಾರಿಗೂ ಬಿಟ್ಟುಕೊಡಲ್ಲ:
‘ರುಚಿ ನೋಡಿದೆ ಸಾರ್ ಅದು, ನಾನೇ ಸಮಾಧಾನ ಮಾಡಬೇಕು.’

ಪಾಠದಲ್ಲಿಲ್ಲದ ಕತೆಯೊಂದುಂಟು.
ಲೋಕ ಕತ್ತಲಾಗಿದ್ದಾಗ ದೇವರುಗಳು ಬೆಂಕಿ ಹೊತ್ತಿಸಿ ಕೂತರು.
ಯಾರು ಹಾರುತ್ತೀರಿ?
ಗರಿ, ಬಂಗಾರ, ಹವಳ ತಂದಿದ್ದ ಶ್ರೀಮಂತ
ನಾಲ್ಕು ಸಲ ಓಡಿಬಂದ, ನಾಲ್ಕು ಸಲ ನಿಂತ.
ಮೈತುಂಬ ಹುಣ್ಣಿನವನು, ನನವಾಟ್ಸಿನ್,
ಧೂಪಕ್ಕೆ ತನ್ನ ಹುಣ್ಣಿನ ಹಕ್ಕಳೆಯನ್ನೇ ಹಾಕಿದವನು,
ಕಣ್ಣುಮುಚ್ಚಿ ಹಾರಿಬಿಟ್ಟ.
ಅವನು ಸೂರ್ಯ.
ನಾಚಿ ಹಿಂದೆಯೇ ಹಾರಿದವನೂ ಅಷ್ಟೇ ಬೆಳಗಿದಾಗ
ಮುಖಕ್ಕೆ ಒಂದು ಮೊಲ ಎಸೆದು ಮಂಕು ಮಾಡಿದರು.
ಮೂಡಿದ ಮೇಲೂ ಸೂರ್ಯ ಕದಲಲಿಲ್ಲ,
ನಿಮ್ಮ ರಕ್ತ ಕೊಡಿ ಅಂದ.
ಮೊದಲು ಕೊಟ್ಟವರು ದೇವರುಗಳು.
ಸಾಲ ಶುರುವಾದದ್ದು ಅಲ್ಲಿಂದ.

‘ಬನ್ನಿ ಸಾರ್, ಕುಂಬಳಕಾಯಿ!’
ನೆತ್ತಿ ಕೊರೆದು, ಕುಂಕುಮ ತುಂಬಿ, ಮೇಲೆ ಕರ್ಪೂರ;
ಮಾಲೀಕರು ಗಿರಿಯಪ್ಪ ಶೆಟ್ಟರು ಮೂರು ಸಲ ನಿವಾಳಿಸಿ
ಹೊಸ್ತಿಲ ಮುಂದೆ ಅಪ್ಪಳಿಸಿದರು.
ಕೆಂಪು ನೀರು ನನ್ನ ಪಂಚೆಗೂ ಹಾರಿತು.
ಎಲ್ಲರೂ ಚಪ್ಪಾಳೆ.
ಆರೋಗ್ಯಸ್ವಾಮಿ ಎಡಗೈ ಜೇಬಿಗಿಳಿಸಿ
ಮಿಷನ್ನಿನ ಕಡೆಗೇ ತಿರುಗಿ ನಿಂತಿದ್ದ.

ಸಂಜೆ ಮತ್ತೆ ಪುಟ ನಲವತ್ತೊಂದು.
‘ಕ್ರೂರಿಗಳು’: ಒತ್ತು ಸರಿ, ಕೊಂಬು ಸರಿ.
ನನ್ನದು ಅಕ್ಷರ ತಿದ್ದುವ ಕೆಲಸ.
ಅರ್ಥ ತಿದ್ದುವವರು ಬೇರೆ; ಈ ಹೊತ್ತಿಗೆ
ಅವರ ಕಾರು ನಿಂಬೆಹಣ್ಣು ತುಳಿದು ಹೊರಟಿರಬಹುದು.
ಅಂಚಿನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿದೆ,
ಕೆಂಪಿನಲ್ಲಲ್ಲ, ಪೆನ್ಸಿಲ್ಲಿನಲ್ಲಿ.

ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ
ನವಮಿಯ ಚಂದ್ರ.
ಆ ಮೊಲವನ್ನು ಅವನು ಮಡಿಲಲ್ಲಿಟ್ಟು ಸಾಕಿದ್ದಾನೆ
ಅಂದಿದ್ದಳು ನಮ್ಮಜ್ಜಿ.
ಎಸೆದದ್ದಂತೆ.