ಶಹಾಬಾದಿನ ಮನೆ ನೋಡಿ ಬರುವಾಗ

ಬಾಡಿಗೆ ಅರ್ಧ. ಫರ್ಸಿ ಹಾಸಿದ ಎರಡು ಖೋಲಿ,
ಹಿತ್ತಲದಲ್ಲಿ ಬೇವು.
"ಇಲ್ಲಿ ಸಪ್ಪಳ ಇಲ್ಲವ್ವ," ಅಂದರು ಹಲೀಮಾಬಿ,
"ನಾಯಿ ಬೊಗಳಿದ್ರ ಸಾಕು,
ಯಾರ ಮನಿಗೆ ಬೀಗರು ಬಂದಾರಂತ ತಿಳೀತದ."

ನಡುಮನೆಯಲ್ಲಿ ನಿಂತೆ.
ಎಷ್ಟೋ ವರ್ಷದ ಮೇಲೆ ಕೇಳಿಸಿತು
ನನ್ನದೇ ಕೈಗಡಿಯಾರ.

ಆದರೆ ಲೆಕ್ಕ ಬಿಡುವುದಿಲ್ಲ:
ಹೋಗಲು ಒಂದು ತಾಸು, ಬರಲು ಒಂದು,
ಪ್ಯಾಸೆಂಜರ್ ಸಿಗ್ನಲ್ಲಿಗೆ ನಿಂತರೆ ಅದು ಬೇರೆ.
ರಾತ್ರಿ ಪಾಳಿ ಮುಗಿದರೆ
ಎಕ್ಸ್‌ರೇ ಕೋಣೆಯ ಬೆಂಚೇ ಗತಿ.
ಜಗತ್ ಸರ್ಕಲ್ಲಿನ ಹಾರ್ನುಗಳ ನಡುವೆ
ಕಷ್ಟಪಟ್ಟು ನಿದ್ದೆ ಕಲಿತವಳು ನಾನು;
ಕಲಿತದ್ದು ಮರೆಯಲಿಕ್ಕೂ ಬಾಡಿಗೆ ಕೊಡಬೇಕೇ?

"ಈಗೇನ್ ಹೇಳಬ್ಯಾಡ. ಒಂದ್ ರಾತ್ರಿ ಮಲಗಿ ನೋಡು."
ಮುಂಗಡ ಕೇಳದೆ ಕೀಲಿಕೈ ಕೊಟ್ಟರು.

ಗಾಡಿಯಲ್ಲಿದ್ದೇನೆ.
ಖಾಲಿ ಬುತ್ತಿ ಡಬ್ಬಿಯಲ್ಲಿ ಅದು,
ಹಳಿ ಕೂಡಿದಲ್ಲೆಲ್ಲ
ಒಳಗಿನಿಂದ ತಟ್ಟುತ್ತದೆ.