ನೀರಿನ ಕೂಲಿ

ಮೂರು ನಿಮಿಷ, ಅಷ್ಟೇ, ಎಂದಿದ್ದೆ.
ಒಂದು ವಿಷಯ ಆರಿಸಿ, ನಿಮ್ಮ ದನಿಯಲ್ಲಿ ಹೇಳಿ,
ಪುಸ್ತಕದ ವಾಕ್ಯ ಕಂಡರೆ ಅರ್ಧ ಅಂಕ ಕಟ್.
ಹದಿನಾಲ್ಕು ಗುಂಪು, ಹದಿನಾಲ್ಕು ವೀಡಿಯೊ.
ಹೆಚ್ಚಿನವರು ಹಿನ್ನೆಲೆಗೆ ಪಿಯಾನೊ ಹಾಕಿ
ನಾನು ತರಗತಿಯಲ್ಲಿ ಹೇಳಿದ್ದನ್ನೇ
ನನಗಿಂತ ವೇಗವಾಗಿ ಹೇಳಿ ಮುಗಿಸಿದ್ದರು;
ಒಬ್ಬನಂತೂ ನನ್ನ ಕೆಮ್ಮನ್ನೂ ಬಿಟ್ಟಿರಲಿಲ್ಲ.

ಒಂಬತ್ತನೆಯದು ಸುತ್ತಿಗೆಯ ಸದ್ದಿನಿಂದ ಶುರು.

ಆಟಿ ತಿಂಗಳು. ಮೀನುಗಾರಿಕೆಗೆ ರಜೆ.
ಬೆಂಗ್ರೆಯ ಯಾರ್ಡಿನಲ್ಲಿ ದಿಮ್ಮಿಗಳ ಮೇಲೆ
ಹೊಟ್ಟೆ ತೋರಿಸಿ ನಿಂತ ಬೋಟುಗಳು.
ಒಂದು ಫೋನು ನೋಡಲಿಕ್ಕೆ,
ಕಾಲುಚೀಲ ಸುತ್ತಿದ ಇನ್ನೊಂದು ಕೇಳಲಿಕ್ಕೆ.
ಗಾಳಿಗೆ ಬೆನ್ನು ಕೊಟ್ಟು ಧನುಷಾ ಪುತ್ರನ್ ಮಾತಾಡುತ್ತಿದ್ದಾಳೆ,
ಇಡೀ ಸೆಮಿಸ್ಟರ್ ಹಾಜರಿ ಕರೆದಾಗ ಮಾತ್ರ
ಕೇಳಿಸುತ್ತಿದ್ದ ದನಿ:
"ಇದು ಪ್ರೊಪೆಲ್ಲರ್. ಕಂಚಿನದ್ದು. ಮುಟ್ಟಿ ನೋಡಿ...
ಛೇ, ನಿಮಗೆ ಮುಟ್ಲಿಕ್ಕಾಗುದಿಲ್ಲ ಅಲ್ವಾ,
ನಾನೇ ಮುಟ್ಟಿ ಹೇಳ್ತೇನೆ."
ಎಲೆಯ ಬೆನ್ನಮೇಲೆ ಬೆರಳು ಹೋಗುತ್ತದೆ,
ಉಗುರು ತೂತಿಗೆ ಸಿಕ್ಕುವ ಸದ್ದು: ಟಿಕ್. ಟಿಕ್.
"ಗೋಳಿಬಜೆ ಬಿಡಿಸಿದ್ರೆ ಒಳಗೆ ಇರ್ತದಲ್ಲ, ಹಾಗೆ."

ಯಾರು ತಿಂದದ್ದು ಇದನ್ನು?
ಸುತ್ತಿಗೆ ನಿಲ್ಲುತ್ತದೆ.
ಮೂವತ್ತು ವರ್ಷ ಎಲೆ ತಿದ್ದಿದ ಅವಳ ಮಾವ ದೂಮಪ್ಪ
ವೀಳ್ಯ ಉಗಿದು, ಬಾಯೊರೆಸಿ, ತುಳುವಿನಲ್ಲಿ:
"ನೀರ್‌ಗ್ ಕೂಲಿ ಬೈದ್ಂಡ್ ಮಗಾ."

ಕ್ಯಾಮೆರಾ ಹಿಡಿದವನು ಅಮರೇಗೌಡ, ಲಿಂಗಸುಗೂರಿನ ಹುಡುಗ.
ಚಿತ್ರ ಅಲುಗುತ್ತದೆ. "ನೀರಿಗೂ ಕೂಲಿ ಬರ್ತೈತೇನ್ರಿ?
ದಿನಕ್ಕ ಎಷ್ಟು?"
"ಕೂಲಿ ಅಂದ್ರೆ ಹಲ್ಲು ಮಾರಾಯಾ!"
ಆ ನಗುವನ್ನು ಅವರು ಕತ್ತರಿಸಿಲ್ಲ.
ಎಡಿಟಿಂಗ್ ರಿಯೋನಾ ಮಸ್ಕರೇನ್ಹಸ್,
ದೇವರು ಅವಳಿಗೆ ಒಳ್ಳೆಯದು ಮಾಡಲಿ.

ಆಮೇಲೆ ಅವಳು ಅವಸರವಿಲ್ಲದೆ ಹೇಳುತ್ತಾಳೆ.
ಎಲೆ ಜೋರಾಗಿ ತಿರುಗಿದರೆ ಅದರ ಬೆನ್ನಲ್ಲಿ
ಒತ್ತಡ ಇಳಿದು ತಣ್ಣೀರೇ ಕುದಿಯುತ್ತದೆ;
ಆವಿಯ ಗುಳ್ಳೆ ಒತ್ತಡವಿರುವಲ್ಲಿಗೆ ಬಂದದ್ದೇ
ತನ್ನೊಳಗೇ ಕುಸಿದು, ಸೂಜಿಯಂಥ ನೀರೊಂದು
ಲೋಹಕ್ಕೆ ಚುಚ್ಚುತ್ತದೆ. ಒಂದೇ ಕಡೆ. ಲಕ್ಷ ಸಲ.
"ಗುಳ್ಳೆ ಹೊರಗೆ ಒಡೆಯುದಲ್ಲ, ಒಳಗೆ ಮುಚ್ಚುದು."

ನಾನು ವೀಡಿಯೊ ನಿಲ್ಲಿಸಿದೆ.

ಹತ್ತೊಂಬತ್ತು ವರ್ಷ ಬೋರ್ಡಿನ ಮೇಲೆ
ಗುಳ್ಳೆ ಬರೆದು, ಸುತ್ತ ಬಾಣ ಎಳೆದು,
ದೀಪಾವಳಿಯ ಪಟಾಕಿಯಂತೆ
ಹೊರಕ್ಕೆ ಸಿಡಿಸುತ್ತಲೇ ಬಂದಿದ್ದೇನೆ.
ನೋಟ್ಸಿನಿಂದ ನೋಟ್ಸಿಗೆ ಆ ಬಾಣ ನಡೆದಿದೆ,
ಪೂರ್ಣ ಅಂಕ ಪಡೆದಿದೆ.
ಯಾರೂ ಕೇಳಲಿಲ್ಲ. ನಾನೂ.
ಕಾಲೇಜಿನಿಂದ ದಕ್ಕೆಗೆ ಬಸ್ಸಿನಲ್ಲಿ ನಲವತ್ತು ನಿಮಿಷ,
ಅಲ್ಲಿಂದ ಹೊಳೆ ದಾಟಲು ಒಂದು ದೋಣಿ.
ತಿಂದ ಕಂಚನ್ನು ನಾನು ಮುಟ್ಟಿದವನಲ್ಲ.

ಅಂಕಪಟ್ಟಿ ತೆರೆದೆ. ವಿಷಯ, ಸ್ಪಷ್ಟತೆ, ಧ್ವನಿ, ಆಕರ.
ಆಕರ ಎಂಬಲ್ಲಿ ಅವಳು ಬರೆದದ್ದು: ಮಾವ.
ಪುಟಸಂಖ್ಯೆ ಇಲ್ಲ.
ಸುತ್ತಿಗೆಯ ಗದ್ದಲಕ್ಕೆ ಎರಡಂಕ ಕಳೆಯಬೇಕು,
ನಿಯಮ ಮಾಡಿದವನು ನಾನೇ.
ಕಳೆದೆ. ಮತ್ತೆ ಸೇರಿಸಿದೆ.
ದೂಮಪ್ಪನವರ ಕೂಲಿಗೆ ಕಾಲಂ ಇರಲಿಲ್ಲ.
ನಾಳೆ ಮೊದಲ ಪೀರಿಯಡ್ಡಿಗೇ
ಬಾಣಗಳನ್ನು ತಿರುಗಿಸಬೇಕು.

ಕೊನೆಯ ಏಳು ಸೆಕೆಂಡು ಪರದೆ ಕಪ್ಪು.
ನಿಲ್ಲಿಸಲು ಮರೆತ ಫೋನು, ಕಾಲುಚೀಲದೊಳಗಿಂದ.
ಮಾವನ ದನಿ, ತುಸು ನಾಚಿಕೊಂಡು:
"ನಾನು ಹೇಳಿದ್ದು ಅದ್ರಲ್ಲಿ ಬಂತಾ?"

ಉತ್ತರ ಬರುವ ಮೊದಲೇ ಮುಗಿಯುತ್ತದೆ.