ಏಣು ಎಣಿಸುವುದು

ಒಂಬತ್ತು ಕುಂಡ, ಒಂಬತ್ತು ಕಂಬ,
ಆದೋನಿಯ ಈ ಮಾಳಿಗೆಯ ಮೇಲೆ ಸಾಲಾಗಿ ನಿಂತಿವೆ,
ಹಾಜರಿ ಕೂಗಲು ಯಾರೂ ಬರದ ತರಗತಿಯ ಹಾಗೆ.

ಗಾದಿಲಿಂಗಪ್ಪ ಮಾವ ಜಿನ್ನಿಂಗ್ ಮಿಲ್ಲಿನ ತೂಕದ ಗುಮಾಸ್ತ.
ಹತ್ತಿಯ ಅಂಡಿಗೆಗೆ ಗುರುತು ಬರೆದ ಕೈ
ಐಸ್‌ಕ್ರೀಮ್ ಕಡ್ಡಿಯ ಮೇಲೆ, ನೀಲಿ ಬಾಲ್‌ಪೆನ್ನಲ್ಲಿ,
ಲ್ಯಾಟಿನ್ ಹೆಸರುಗಳನ್ನು ಕನ್ನಡದಲ್ಲಿ ಬರೆದು ನೆಟ್ಟಿತ್ತು.
ಬಿಸಿಲು ಮೂರೇ ಬೇಸಿಗೆಯಲ್ಲಿ ಎಲ್ಲ ಓದಿ ಮುಗಿಸಿತು.
ಕಡ್ಡಿ ಉಳಿದಿವೆ, ಬೋಳು.
ಮಾವ ಉಳಿದಿಲ್ಲ.

ಅತ್ತೆ ಕೆಳಗಿಂದ ಕೂಗುತ್ತಾಳೆ:
"ಹೆಸರು ತಗಂಡು ಏನ್ ಮಾಡ್ತೀಯೇ,
ಮದುವಿ ಮಾಡಬೇಕಾ ಅವುಕ್ಕ?"
ಪಕ್ಕದ ಸುಂಕಮ್ಮ ಎಲ್ಲಕ್ಕೂ ಒಂದೇ ಹೆಸರಿಟ್ಟು ಕೈ ತೊಳೆದುಕೊಂಡಿದ್ದಾಳೆ:
ಜೆಮುಡು.

ನಾನು ಎಣಿಸುತ್ತೇನೆ.
ಇದಕ್ಕೆ ಏಣು ಆರು.
ಇದಕ್ಕೆ ಏಳು, ಮೇಲೆ ಹೋಗುತ್ತ ಎಂಟು,
ನಡುವೆ ಎಲ್ಲೋ ಮನಸ್ಸು ಬದಲಿಸಿದೆ.
ಇದಕ್ಕೆ ಇಪ್ಪತ್ತೈದೋ ಇಪ್ಪತ್ತಾರೋ, ಬಿಳಿ ಮುಳ್ಳು ಒತ್ತೊತ್ತಾಗಿ
ಬೆಕ್ಕಿನ ಬೆನ್ನಿನಂತೆ; ಸವರಬೇಡಿ.
ಇದು ನೀಲಿ, ನಿಜಕ್ಕೂ ನೀಲಿ, ಸುಣ್ಣಕ್ಕೆ ಬೆರೆಸುವ ನೀಲಿ.
ಮುಟ್ಟಿದರೆ ಮೈಮೇಲಿನ ಬೂದಿ ಅಳಿಸಿ
ನನ್ನ ಹೆಬ್ಬೆಟ್ಟೇ ಅದರ ಚೀಟಿ.
ಎಂಟಕ್ಕೂ ಮುಳ್ಳಿನ ಬುಡದಲ್ಲಿ ಒಂದೊಂದು ಚಿಟಿಕೆ ಅರಳೆ.
ಈ ಊರಲ್ಲದೆ ಇನ್ನೆಲ್ಲಿ ಬೆಳೆದಾವು?

ಒಂಬತ್ತನೆಯದಕ್ಕೆ ಅರಳೆ ಇಲ್ಲ.
ಮುಳ್ಳು ಜೋಡಿ ಜೋಡಿ.
ಗುಂಡುಪಿನ್ನು ಚುಚ್ಚಿದೆ. ಹಾಲು!
ಅಯ್ಯೋ, ಇದು ಹೊಲದ ಬೇಲಿಯ ಬೊಂತೆಗಳ್ಳಿ,
ಮೆಕ್ಸಿಕೋ ಪೆರು ದೇಶದವರ ಪಂಕ್ತಿಯಲ್ಲಿ
ಕತ್ತಿನವರೆಗೂ ಗುಂಡಿ ಹಾಕಿಕೊಂಡು ಕೂತುಬಿಟ್ಟಿದೆ.

ಅದರ ಕಡ್ಡಿ ಮಣ್ಣಲ್ಲಿ ಅರ್ಧ ಹೂತಿತ್ತು.
ಎಳೆದರೆ, ಅಕ್ಷರ.
ಪೆನ್ಸಿಲ್ಲಿನವು. ಸೀಸವನ್ನು ಬಿಸಿಲು ತಿನ್ನುವುದಿಲ್ಲ.
ಗೊತ್ತಿದ್ದ ಎಂಟನ್ನು ಮಾವ ಪೆನ್ನಲ್ಲಿ ಬರೆದಿದ್ದರು,
ಇದೊಂದನ್ನು ಮಾತ್ರ ಬೇಕಾದಾಗ ಅಳಿಸಲು ಬರುವ ಹಾಗೆ:
"ಯಾವುದೋ. ವಿಚಾರಿಸಬೇಕು."

ಒರೆಸಿ ಅಲ್ಲೇ ನೆಟ್ಟೆ.

ಮಗನ ಕಂಪಾಸು ಡಬ್ಬಿಯಿಂದ ಪೆನ್ಸಿಲ್ ತಂದು
ಬೋಳು ಕಡ್ಡಿಗಳ ಮೇಲೆ ಬರೆಯುತ್ತಿದ್ದೇನೆ:
ಏಣು ಆರು. ಹೂ ನೋಡಿಲ್ಲ.
ಏಣು ಏಳು, ಮೇಲೆ ಎಂಟು. ಹೂ ನೋಡಿಲ್ಲ.
ಹೂ ಕಂಡರೆ ಕುಲ ತಿಳಿಯುತ್ತದಂತೆ;
ನಡುರಾತ್ರಿ ಬಿಚ್ಚಿ, ಹಾಲಿನವನು ಬರುವುದರೊಳಗೆ ಮುದುಡುತ್ತದಂತೆ.
ಆರು ಏಣಿನವನ ಪಕ್ಕೆಯಲ್ಲಿ
ಹೆಬ್ಬೆರಳಿನಷ್ಟು ಒಂದು ಮೊಗ್ಗು, ನಾಳೆಯೋ ನಾಡಿದ್ದೋ.

ಚಾಪೆ ಮೇಲಕ್ಕೆ ತಂದಿದ್ದೇನೆ.
ಒಂದು ದಿಂಬು ಕೊಡು ಅಂದರೆ
ಅತ್ತೆ ಎರಡು ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಳೆ.